ಸಾಯಲು ಒಪ್ಪದ ಶೆಟ್ರು

ಭುಜಂಗ ಶೆಟ್ರಿಗೆ ಸಾಯಲು ಬರುತ್ತಿರಲಿಲ್ಲ. ಮೂರನೇ ಅಂಕದ ಕೊನೆಗೆ ಎದೆಗೆ ಗುಂಡು ತಾಗಿ ಬೀಳಬೇಕು, ಬಿದ್ದ ಮೇಲೆ ಪರದೆ ಎಳೆಯುವವರೆಗೆ ಸುಮ್ಮನೆ ಮಲಗಿರಬೇಕು. ಬೀಳುವುದನ್ನೇನೋ ಚೆನ್ನಾಗಿಯೇ ಬೀಳುತ್ತಿದ್ದರು. ಮೊದಲು ಹ್ಯಾಟನ್ನು ಪಕ್ಕಕ್ಕಿಟ್ಟು, ನೋವಿರುವ ಮೊಣಕಾಲನ್ನು ಜೋಪಾನ ಮಾಡಿ, ಎಡಗೈ ಊರಿ, ನಿಧಾನವಾಗಿ. ಆಮೇಲೆ ಹೆಣ ಒಂದು ಕಣ್ಣು ತೆರೆದು ನನಗೆ ಹೇಳುತ್ತಿತ್ತು: "ಸದಾ, ಸ್ವಲ್ಪ ಎದುರು ಬಾ ಮಾರಾಯ. ಲೈಟು ಅಲ್ಲಿ ಉಂಟು."

ಬೋಳಾರದಲ್ಲಿ ಅವರದೊಂದು ಊಟದ ಹೋಟೆಲು. ಗಲ್ಲಾಪೆಟ್ಟಿಗೆಯ ಎದುರು ಅವರು ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಮೇಜಿನಿಂದ ಮೇಜಿಗೆ ತಿರುಗಿ ಗಿರಾಕಿಗಳನ್ನು ತಿದ್ದುತ್ತಿದ್ದರು. ನೀರುದೋಸೆಯನ್ನು ಹರಿದು ತಿನ್ನುವವನ ಕೈ ಹಿಡಿದು, "ಹಾಗಲ್ಲ, ನಾನು ಹೇಳ್ತೇನೆ" ಎಂದು ತಾವೇ ಮಡಚಿಕೊಡುತ್ತಿದ್ದರು. ಪೇಪರು ಓದುವವನ ಬೆನ್ನ ಹಿಂದೆ ನಿಂತು, "ಅದು ಬಿಡು, ಮೂರನೇ ಪುಟ ನೋಡು" ಅನ್ನುತ್ತಿದ್ದರು. ಆ ಮಾತು ತುಳುವಿನಲ್ಲಿ ಇನ್ನೂ ಒರಟಾಗಿತ್ತು. ಕನ್ನಡದಲ್ಲಿ ಬರೆಯುವಾಗ ಅವರು ಸಭ್ಯರಾಗಿ ಕಾಣುತ್ತಾರೆ. ಅಷ್ಟು ಸುಳ್ಳು ಈ ಬರಹದಲ್ಲಿ ಉಂಟು.

ಒಂದು ಮಧ್ಯಾಹ್ನ ಮಗನ ಟಿವಿಯಲ್ಲಿ ಅವರು ಅಮೆರಿಕದ ಕುದುರೆ-ಬಂದೂಕಿನ ಸಿನಿಮಾ ನೋಡಿದರು. ಗುಲಾಮರ ಕಥೆ. ಹಿಂದೆ ತೋಟದಲ್ಲಿ ಗುಲಾಮರಿಗೆ ಚಾಟಿ ಬೀಸುತ್ತಿದ್ದ ಬಿಳಿಯ ಮುದುಕನೊಬ್ಬ ಪಶ್ಚಾತ್ತಾಪಪಟ್ಟು ಒಬ್ಬ ಗುಲಾಮನನ್ನು ಬಿಡಿಸಿ, ಅವನಿಗೆ ಕುದುರೆ, ಬಂದೂಕು, ಅಕ್ಷರ ಎಲ್ಲ ಕಲಿಸುತ್ತಾನೆ. ಇಬ್ಬರೂ ಆ ಗುಲಾಮನ ತಾಯಿಯನ್ನು ಬಿಡಿಸಲು ಹೊರಡುತ್ತಾರೆ. ಮುದುಕ ದಾರಿಯಲ್ಲೇ ಸಾಯುತ್ತಾನೆ. ಗುಲಾಮ ಒಬ್ಬನೇ ತಾಯಿಯ ಧಣಿಯ ಎದುರು ನಿಲ್ಲುತ್ತಾನೆ. ಇಷ್ಟನ್ನು ಶೆಟ್ರು ತುಳು ನಾಟಕ ಮಾಡಿದರು. ಮುದುಕ ಅವರು, ಗುಲಾಮ ನಾನು. ಜೆಪ್ಪುವಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನನ್ನು ಯಾಕೆ ಆರಿಸಿದರು ಎಂದು ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ. ನನ್ನ ಅಜ್ಜ ಅವರ ತಂದೆಯ ಗದ್ದೆಯ ಒಕ್ಕಲು. ಉಳುವವನಿಗೇ ಭೂಮಿ ಎಂದಾದ ಕಾಲದಲ್ಲಿ ಅಜ್ಜ ಡಿಕ್ಲರೇಶನ್ ಅರ್ಜಿ ಹಾಕಿ ಗದ್ದೆಯನ್ನು ತನ್ನದು ಮಾಡಿಕೊಂಡ.

"ನಿನ್ನ ಅಜ್ಜನ ಮೇಲೆ ನಂಗೆ ಸಿಟ್ಟಿಲ್ಲ," ರಿಹರ್ಸಲಿನ ಮೊದಲ ದಿನ ಶೆಟ್ರು ಎಲ್ಲರೆದುರು ಹೇಳಿದರು. "ಆದ್ರೆ ನಾವು ಕೊಡ್ತಿದ್ದೆವು ಮಾರಾಯ. ಕೊಡ್ಲಿಕ್ಕೆ ಸರಕಾರ ಬಿಡ್ಲಿಲ್ಲ. ಅದೇ ತೆಗೆದು ಕೊಟ್ಟಿತು."

"ಕೊಡ್ತಿದ್ರಾ ಶೆಟ್ರೇ?"

"ಕೇಳಿ ನೋಡ್ಬೇಕಿತ್ತು."

ಆದ್ದರಿಂದ ನಾಟಕದಲ್ಲಿ ನನ್ನ ಬಿಡುಗಡೆಯ ಪತ್ರವನ್ನು ಅವರು ಕೈಯಾರೆ ಕೊಡುತ್ತಿದ್ದರು, ಬಹಳ ನಿಧಾನವಾಗಿ. ನಾನು ಹಿಡಿದು ಎಳೆದರೂ ಬಿಡುತ್ತಿರಲಿಲ್ಲ.

ನನ್ನ ಮುಖಕ್ಕೆ ಮಸಿ ಬಳಿಯುವ ಯೋಚನೆ ಇತ್ತು. "ಬೇಡ, ಬಿಸಿಲಿನಲ್ಲಿ ದೇವರೇ ಬಳಿದಿದ್ದಾನೆ" ಎಂದು ಬಿಟ್ಟರು. ತಾವು ಬಿಳಿಯನಾಗಲು ಹೋಟೆಲಿನ ಅಕ್ಕಿಹಿಟ್ಟು ಹಚ್ಚಿಕೊಂಡರು. ಎರಡನೇ ಅಂಕಕ್ಕೆ ಬೆವರು ಬಿದ್ದು ಅದು ದೋಸೆಹಿಟ್ಟಾಗಿ ಗಲ್ಲದಿಂದ ಇಳಿಯುತ್ತಿತ್ತು. ಕುದುರೆ ಸವಾರಿ ಕಲಿಸಲು ಬೀಚಿಗೆ ಕರೆದೊಯ್ದರು. ಅದು ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಕುದುರೆ. ಐಸ್‌ಕ್ರೀಂ ಗಾಡಿಯವರೆಗೆ ಹೋಗಿ ತಾನಾಗಿ ತಿರುಗಿತು. ಲಗಾಮು ಬಿಟ್ಟು ನೋಡಿದೆ, ಆಗಲೂ ತಿರುಗಿತು. "ಅದಕ್ಕೆ ಸ್ವಾತಂತ್ರ್ಯ ಬೇಡ," ಎಂದರು ಶೆಟ್ರು. ತಾವು ಮಾತ್ರ ಕೊನೆಗೂ ಹತ್ತಲಿಲ್ಲ. ಕೆಳಗೇ ನಿಂತು ನನಗೂ ಕುದುರೆಗೂ ಹೇಳಿಕೊಟ್ಟರು.

ಇಡೀ ನಾಟಕದಲ್ಲಿ ನನಗೆ ಬೇಕಾಗಿದ್ದದ್ದು ಕೊನೆಯ ಹನ್ನೆರಡು ಸಾಲು. ಧಣಿಯ ಎದುರು ನಿಂತು, "ಅಮ್ಮನನ್ನು ಕೇಳಲು ಬಂದವನಲ್ಲ, ಕರಕೊಂಡು ಹೋಗಲು ಬಂದವ" ಎಂದು ಶುರುವಾಗುವ ಮಾತು. ಜೆರಾಕ್ಸ್ ಮೆಷಿನ್ ಎದುರು ನಿಂತು ನೂರು ಸಲ ಹೇಳಿಕೊಂಡಿದ್ದೆ. ಅದನ್ನು ಒಂದು ಸಲ, ಒಬ್ಬನೇ, ಯಾರೂ ಎತ್ತಿಕೊಡದೆ ಹೇಳಬೇಕಿತ್ತು.

ಬೋಳಾರದ ಮೊದಲ ಪ್ರದರ್ಶನದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಹೆಣ ಆ ಸಾಲು ಹೇಳಿತು. ನಾನು ಎರಡನೆಯದಕ್ಕೆ ಹೋದರೆ ಹೆಣ ಮೂರನೆಯದಕ್ಕೆ ಹೋಯಿತು. ಜನ ನಕ್ಕರು. ಇಳಿದು ಬಂದ ಮೇಲೆ ನಾನು ಜಗಳ ಮಾಡಿದೆ.

"ನೀವು ಸತ್ತಿದ್ದೀರಿ ಶೆಟ್ರೇ!"

"ಸತ್ತರೆ ಎಂತಾಯ್ತು? ಕಲಿಸಿದವನಿಗೆ ಜವಾಬ್ದಾರಿ ಇಲ್ವಾ?"

ಕದ್ರಿಯ ಎರಡನೇ ಪ್ರದರ್ಶನಕ್ಕೆ ಅವರು ಉಪಾಯ ಮಾಡಿಕೊಂಡು ಬಂದಿದ್ದರು. ಗುಂಡು ತಾಗಿ ಬಿದ್ದರು, ಸತ್ತರು, ಎದ್ದರು. ಹೆಗಲಿಗೆ ಮೈಯೊರೆಸುವ ಬಿಳಿ ಬೈರಾಸು ಹೊದ್ದು, ತಲೆಗೆ ಹ್ಯಾಟು ಇಟ್ಟು, ನನ್ನ ಪಕ್ಕ ಬಂದು ನಿಂತು, "ನಾನೀಗ ಕುಲೆ" ಎಂದು ಸಭೆಗೆ ಘೋಷಿಸಿದರು. ಸತ್ತ ಹಿರಿಯರನ್ನು ನಾವು ಕುಲೆ ಅನ್ನುತ್ತೇವೆ. ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುತ್ತೇವೆ. ಅಮೆರಿಕದಲ್ಲಿ ಕುಲೆ ಹೇಗೆ ಎಂದು ಒಬ್ಬನೂ ಕೇಳಲಿಲ್ಲ. ಮುಂದಿನ ಸಾಲಿನ ಒಬ್ಬ ಅಜ್ಜಿ ಕೈ ಮುಗಿದರು. ಹನ್ನೆರಡರಲ್ಲಿ ಒಂಬತ್ತು ಸಾಲನ್ನು ಕುಲೆಯೇ ಹೇಳಿ ನನ್ನ ಅಮ್ಮನನ್ನು ಬಿಡಿಸಿತು. ಚಪ್ಪಾಳೆಯೋ ಚಪ್ಪಾಳೆ.

"ನಾಟಕ ಗೆದ್ದಿತಲ್ಲ!" ಎಂದರು.

"ಅವನು ಬಿಡುಗಡೆ ಆಗಿದ್ದಾನೋ ಇಲ್ವೋ?" ಎಂದೆ. ಯಾರ ಬಗ್ಗೆ ಕೇಳಿದೆನೋ ನನಗೇ ಸ್ಪಷ್ಟವಿಲ್ಲ. ಶೆಟ್ರು ಹ್ಯಾಟು ಎತ್ತಿಕೊಂಡು ಹೊರಟರು. ಉತ್ತರ ಕೊಟ್ಟೇ ಹೋದರು ಎಂದು ಧಣಿಯ ಪಾತ್ರದವನು ಈಗಲೂ ಹೇಳುತ್ತಾನೆ.

ಮೂರನೆಯದು ಜೆಪ್ಪುವಿನಲ್ಲಿ. ನನ್ನ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗುಂಡು ಹಾರಿತು, ಶೆಟ್ರು ಬಿದ್ದರು, ಬೈರಾಸು ಹೊದ್ದು ಎದ್ದರು. ನಾನು ಧಣಿಯ ಕಡೆ ತಿರುಗಲಿಲ್ಲ. ಧಣಿಯ ಊಟದ ಮೇಜಿಗೆಂದು ಇಟ್ಟಿದ್ದ ಬಾಳೆಲೆಯನ್ನು ನೆಲಕ್ಕೆ ಹಾಸಿದೆ. ನೀರು ಚಿಮುಕಿಸಿದೆ. ಅಮೆರಿಕನ್ನರ ರೊಟ್ಟಿಯ ಬದಲು ಹೋಟೆಲಿನಿಂದ ತಂದಿದ್ದ ಬನ್ಸ್ ಬಡಿಸಿದೆ. ಕೈ ಮುಗಿದೆ.

"ಹಿರಿಯರೇ, ಕಲಿಸಿದ್ದೀರಿ. ಸಂತೋಷ. ಉಂಡು ಹೋಗಿ."

ಬಡಿಸಿದ ಎಲೆಯನ್ನು ಯಾವ ಕುಲೆಯೂ ದಾಟಿ ಹೋಗುವುದಿಲ್ಲ. ಬಂಟರ ಮನೆಯಲ್ಲಿ ಹುಟ್ಟಿದ ಶೆಟ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿಗೆಲ್ಲ ಬಡಿಸಿದ ಮನುಷ್ಯ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಆ ಮೊಣಕಾಲು ಮಡಚಿ, ಗೊಣಗುತ್ತ, ನೆಲಕ್ಕೆ ಕೂತರು. ನನ್ನ ಕೈಯಿಂದ ಬಿದ್ದದ್ದನ್ನು ತಿಂದರು. ಅದು ಬನ್ಸ್ ಅಲ್ಲ, ಗೋಳಿಬಜೆ ಎಂದು ಪರದೆ ಎಳೆಯುವವನ ವಾದ. ಬನ್ಸ್ ಅಂತಲೇ ಬರೆಯುತ್ತೇನೆ, ಬಾಯಿ ತುಂಬುವುದು ಅದೇ.

ನಾನು ಧಣಿಯ ಎದುರು ನಿಂತೆ. ನಾಲ್ಕು ಸಾಲು ಬಂತು. ಐದನೆಯದು ಬರಲಿಲ್ಲ. ಕಾದೆ. ಹಿಂದಿನಿಂದ ಅಗಿಯುವ ಸದ್ದು ಮಾತ್ರ. ಉಳಿದದ್ದೆಲ್ಲ ಬಿಟ್ಟು, "ಅಮ್ಮಾ, ಏಳು. ಮನೆಗೆ ಹೋಗುವ" ಎಂದೆ. ಸ್ಟೇಜಿನ ಅಮ್ಮ ಎದ್ದಳು. ಮುಂದಿನ ಸಾಲಿನಲ್ಲಿ ನನ್ನ ಅಮ್ಮನೂ ಎದ್ದು ನಿಂತಳಂತೆ.

ಹಿಂದೆ ಹೋದಾಗ ಶೆಟ್ರು ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದರು. "ಎಂಟು ಸಾಲು ನುಂಗಿದೆ ನೀನು."

"ಗೊತ್ತುಂಟು. ನೀವು ಯಾಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ಬಂತು. ಬಾಯಲ್ಲಿ ಬನ್ಸ್ ಇತ್ತು."

ಮರುವರ್ಷ ಅವರು ಹೋಟೆಲಿನಲ್ಲೇ, ಯಾರಿಗೋ ಏನನ್ನೋ ಹೇಳಿಕೊಡುತ್ತ ಕುಸಿದು ತೀರಿಕೊಂಡರಂತೆ. ನಾನು ಅಲ್ಲಿರಲಿಲ್ಲ. ಅವರ ಪಾತ್ರಕ್ಕೆ ಒಬ್ಬ ನಿವೃತ್ತ ಬ್ಯಾಂಕ್ ಕ್ಲರ್ಕ್ ಬಂದರು. ಶಿಸ್ತಿನ ಮನುಷ್ಯ. ಗುಂಡು ತಾಗಿದ ಕೂಡಲೇ ದೊಪ್ಪನೆ ಬಿದ್ದರು. ಧಣಿಯ ಎದುರು ನಿಂತ ನನಗೆ ಐದನೇ ಸಾಲು ಮತ್ತೆ ಮರೆತುಹೋಯಿತು. ತಿರುಗಿ ಹೆಣದ ಮುಖ ನೋಡಿದೆ. ರೆಪ್ಪೆ ಸಹ ಅಲ್ಲಾಡಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಸತ್ತವರನ್ನು ಕಂಡು ನನಗೆ ಸಿಟ್ಟೇ ಬಂತು.