ಮೈದಾನಕ್ಕೆ ಸುರಿದ ನೀರು

ನಮ್ಮೂರ ಅಗ್ನಿಶಾಮಕ ವಾಹನದ ಚಾಲಕರು ದಿನಾ ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಅದನ್ನು ಎಮ್ಮೆಯ ಬೆನ್ನಿನಂತೆ ತಟ್ಟಿ, "ನೀರೈತಿ, ಹೆದರಬ್ಯಾಡ್ರಿ" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಮಂತ್ರಿಗಳು ಬರುವ ದಿನ, ಹೆಲಿಕಾಪ್ಟರ್ ಇಳಿಯುವಾಗ ಧೂಳೇಳಬಾರದೆಂದು ಮೇಲಿನವರು ಆ ನೀರನ್ನೆಲ್ಲ ಮೈದಾನಕ್ಕೆ ಸುರಿಸಿದರು. ಅಷ್ಟರಲ್ಲೇ ಸೊರಬ ರಸ್ತೆಯ ಅಕೇಶಿಯಾ ತೋಪಿಗೆ ಬೆಂಕಿ ಬಿದ್ದು ನಮ್ಮ ಬಡಾವಣೆಗೆ ನುಗ್ಗಿತು. ಮತ್ತೆ ತುಂಬಿಸೋಣವೆಂದರೆ ಬೋರ್‌ವೆಲ್ಲಿಗೆ ಕರೆಂಟಿಲ್ಲ. ಚಾಲಕರು ಖಾಲಿ ಗಾಡಿಯನ್ನೇ ಸೈರನ್ ಹಾಕಿಕೊಂಡು ತಂದರು.

"ನೀರು ಬಿಡ್ರೀ!" ಎಂದು ಚೀರಿದೆ.

"ಎಲ್ಲೈತಿ ರೀ?" ಎಂದವರೇ ಹಸಿ ಸೊಪ್ಪು ಮುರಿದುಕೊಂಡು ಬೆಂಕಿಯನ್ನು ಬಡಿಯತೊಡಗಿದರು. ಮನೆಗಳು ಉಳಿಯಲಿಲ್ಲ.

ನಮ್ಮ ಬೂದಿ ನೋಡಲು ಮಂತ್ರಿಗಳು ಮರುದಿನ ಮತ್ತೆ ಹಾರಿಬಂದರು. ಚಾಲಕರು ಮತ್ತೆ ಟ್ಯಾಂಕ್ ತುಂಬಿಸಿ ಅದೇ ಮೈದಾನವನ್ನು ತೋಯಿಸಿದರು. ಅಂದು ಅವರು ಟ್ಯಾಂಕ್ ತಟ್ಟಲಿಲ್ಲ.