ಹುಳದ ಮನೆಯ ಪುಟ್ಟಮಾದಪ್ಪನವರು

ಪುಟ್ಟಮಾದಪ್ಪನವರು ದಿನಾ ಬೆಳಗ್ಗೆ ಒಂದು ಹೊರೆ ಹಿಪ್ಪುನೇರಳೆ ಸೊಪ್ಪನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಬಾಗಿಲಲ್ಲಿ ಹಾಕುತ್ತಿದ್ದರು. ಆಮೇಲೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳಿಸುವ ಹಾಗೆ, "ಉಳ ಚೆಂದಾಗ್ ಮೇಯ್ತಾವಾ ಟೀಚ್ರಮ್ಮ?" ಎಂದು ಕೂಗುತ್ತಿದ್ದರು. ನಾನು ಒಳಗಿನಿಂದ "ಮೇಯ್ತಾ ಅವೆ" ಎನ್ನಬೇಕಿತ್ತು. ನಮ್ಮಲ್ಲಿ ಒಂದೇ ಒಂದು ರೇಷ್ಮೆ ಹುಳವೂ ಇರಲಿಲ್ಲ. ಸಂಜೆ ಅದೇ ಸೊಪ್ಪನ್ನು ಹೊತ್ತೊಯ್ದು ತಮ್ಮ ಎಮ್ಮೆಗೆ ಹಾಕುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ನನಗೆ ಕೊಳ್ಳೇಗಾಲದ ಶಾಲೆಯೊಂದಕ್ಕೆ ವರ್ಗವಾದಾಗ ಊರಿನಲ್ಲಿ ಬಾಡಿಗೆ ಮನೆಯೇ ಇರಲಿಲ್ಲ. ರೇಷ್ಮೆ ಗೂಡಿನ ವ್ಯಾಪಾರಿಗಳು, ನೇಯ್ಗೆಯವರು, ಕಚೇರಿಗಳ ನೌಕರರು ಇದ್ದಬದ್ದ ಬೀದಿಗಳಲ್ಲೇ ಒತ್ತರಿಸಿಕೊಂಡಿದ್ದರು. ಒಬ್ಬರಂತೂ ಬಚ್ಚಲುಮನೆ ತೋರಿಸಿ, "ರಾತ್ರಿ ಯಾರೂ ಸ್ನಾನ ಮಾಡಲ್ಲ, ಆರಾಮಾಗಿ ಮಲಗಬೋದು" ಎಂದರು. ನಾನು, ನನ್ನ ಗಂಡ, ಅತ್ತೆ ಮೂವರೂ ಯಳಂದೂರಿನ ನೆಂಟರ ಮನೆಯಲ್ಲಿದ್ದೆವು. ಮೂರು ತಿಂಗಳಿಗೆ ನೆಂಟರ ಮುಖ ಬಿಗಿಯತೊಡಗಿತ್ತು.

ಊರ ಸುತ್ತ ಬೇಕಾದಷ್ಟು ಜಾಗವಿತ್ತು. ಆದರೆ ಕಾಗದದಲ್ಲಿ ಅದೆಲ್ಲ ಹೊಲ. ಹೊಲದಲ್ಲಿ ಹುಳ ಸಾಕಲು ಮನೆ ಕಟ್ಟಬಹುದು, ಮನುಷ್ಯರು ವಾಸಿಸಲು ಕಟ್ಟುವಂತಿಲ್ಲ. ಪುಟ್ಟಮಾದಪ್ಪನವರು ಮಾಂಬಳ್ಳಿಯಿಂದ ಬಂದು ಊರಂಚಿನಲ್ಲಿ ಹೊಲ ಮಾಡಿಕೊಂಡಿದ್ದ ರೈತರು. ಅವರ ಹುಳದ ಮನೆಯಲ್ಲಿ ಎರಡು ಬೆಳೆ ಕೈಕೊಟ್ಟು, ಅದು ಖಾಲಿ ಬಿದ್ದಿತ್ತು.

"ಉಳಕ್ಕೆ ಈ ಮನೆ ಒಗ್ಗನಿಲ್ಲ ಕಣವ್ವ. ನಿಮಗೊಗ್ಗುತ್ತಾ ನೋಡಿ" ಎಂದು, ಮನೆ ಹುಡುಕುತ್ತಾ ಅತ್ತ ಹೋಗಿದ್ದ ನನಗೆ ಬೀಗದಕೈ ಕೊಟ್ಟರು. "ಯಾರಾರ ಕೇಳುದ್ರೆ, ಉಳ ಕಾಯಕ್ ಬಂದಿವ್ನಿ ಅನ್ನಿ."

ನಮ್ಮನ್ನು ಅವರು ನಿಜಕ್ಕೂ ಹುಳಗಳಂತೆಯೇ ನೋಡಿಕೊಂಡರು. ಸೆಖೆಯಾದರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುವರು. ಅತ್ತೆ ಒಂದು ಸಲ ಕೆಮ್ಮಿದ್ದಕ್ಕೆ ಗೋಡೆಗಳಿಗೆಲ್ಲ ಸುಣ್ಣ ಬಳಿದರು.

ಒಂದು ಭಾನುವಾರ ಮಧ್ಯಾಹ್ನ ತಾಲ್ಲೂಕು ಕಚೇರಿಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಪುಟ್ಟಮಾದಪ್ಪನವರು ಎಲ್ಲಿಂದಲೋ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು. ಒಳಗೆ, ಹುಳ ಗೂಡು ಕಟ್ಟಲು ಬಳಸುವ ಬಿದಿರಿನ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ ಮರೆ ಮಾಡಿದ್ದೆವು. ಅದರ ಹಿಂದೆ ಅತ್ತೆ ಮಲಗಿದ್ದರು.

"ಸದ್ ಮಾಡ್ಬೇಡಿ ಸಾ. ಉಳ ಜ್ವರಕ್ ಕುಂತವೆ, ನಿದ್ದೆ ಮಾಡ್ತಾವೆ" ಎಂದರು ಪುಟ್ಟಮಾದಪ್ಪನವರು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

ಅಷ್ಟರಲ್ಲಿ ಚಂದ್ರಿಕೆಯ ಹಿಂದಿನಿಂದ ಭಾರಿ ಗೊರಕೆ ಕೇಳಿಸಿತು.

ಅಧಿಕಾರಿ ಹುಬ್ಬೇರಿಸಿದರು. "ಹುಳ ಗೊರಕೆ ಹೊಡೆಯುತ್ತಾ?"

"ನಾಕನೇ ಜ್ವರದಲ್ಲಿ ಒಡಿತವೆ ಸಾ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಗು ಒಂದು ಕಡೆ. ಮತ್ತೆ ನೆಂಟರ ಮನೆಗೆ ಹೋಗಬೇಕಾಗುತ್ತದೆಂಬ ಭಯ ಇನ್ನೊಂದು ಕಡೆ. ಗೊರಕೆ ನಿಂತಿತು. ಅತ್ತೆಯ ದನಿ ಬಂತು: "ಯಾರೇ ಅದು? ಕಾಫಿ ಕಾಯ್ಸುದ್ಯಾ?"

ಅಧಿಕಾರಿ ನಿಧಾನವಾಗಿ ಟೋಪಿ ತೆಗೆದರು. "ಕಾಫಿ ಕೇಳ್ತಾ ಇದೆಯಲ್ಲಪ್ಪ ನಿನ್ನ ಹುಳ! ಮಾಡೋದಾದ್ರೆ ನನಗೂ ಒಂದು ಲೋಟ ಇರಲಿ."

ಕಾಫಿ ಕುಡಿಯುತ್ತಾ ಅವರೇ ಬಾಯಿಬಿಟ್ಟರು. ಬಂದು ನಾಲ್ಕು ತಿಂಗಳಾದರೂ ಮನೆ ಸಿಕ್ಕದೆ, ಹೆಂಡತಿ ಮಕ್ಕಳನ್ನು ಮೈಸೂರಿನಲ್ಲೇ ಬಿಟ್ಟು, ಕಚೇರಿಯ ಬೆಂಚಿನ ಮೇಲೆ ಮಲಗುತ್ತಿದ್ದರಂತೆ. ಕೊನೆಗೆ ದನಿ ತಗ್ಗಿಸಿ, "ಇಂಥದ್ದು ಇನ್ನೊಂದು ಹುಳದ ಮನೆ ಇದೆಯೇನಪ್ಪ?" ಎಂದು ಕೇಳಿದರು.

ಪುಟ್ಟಮಾದಪ್ಪನವರು ಎದ್ದು ನಿಂತು ಟವೆಲ್ ಕೊಡವಿಕೊಂಡರು. "ಎಂಗ್ ಸಾ ಕೊಡದು? ಅದು ರೂಲ್ಸಿಗೆ ವಿರೋದ ಅಲ್ವಾ?"

ಅಧಿಕಾರಿ ಕಾಫಿ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಆದರೂ ನೋಟಿಸು ಕೊಟ್ಟೇ ಹೋದರು. ಜೊತೆಗೆ, ಆ ಹೊಲವನ್ನು ವಾಸದ ಜಾಗವೆಂದು ಬದಲಾಯಿಸಿಕೊಳ್ಳಲು ಅರ್ಜಿಯನ್ನೂ ತಾವೇ ಬರೆದುಕೊಟ್ಟರು. ಅದರ ತೀರ್ಮಾನವಾಗುವ ತನಕ ನಮ್ಮನ್ನು ಅಲ್ಲಿಂದ ಎಬ್ಬಿಸುವಂತಿರಲಿಲ್ಲ. ತೀರ್ಮಾನವಾಗಲು ಮೂರು ವರ್ಷ ಹಿಡಿಯಿತು. ಒಪ್ಪಿಗೆಯ ಆದೇಶ ಬಂದ ದಿನ ಪುಟ್ಟಮಾದಪ್ಪನವರು ಅದನ್ನು ನನ್ನಿಂದ ಅತ್ತೆಗೆ ಓದಿಸಿ, "ಇನ್ಮೇಲ್ ಎಷ್ಟ್ ಬೇಕಾರೂ ಗೊರಕೆ ಒಡೀರವ್ವ" ಎಂದರು.

ಮುಂದೆ ನನಗೆ ಹನೂರಿಗೆ ವರ್ಗವಾಯಿತು. ಅವರು ಬಸ್‌ಸ್ಟ್ಯಾಂಡಿಗೆ ಬಂದು ನಮ್ಮ ಟ್ರಂಕನ್ನು ತಾವೇ ಮೇಲಕ್ಕೆ ಹತ್ತಿಸಿದರು. "ಮನೆ ಸಿಗದೆ ಓದ್ರೆ ಬಂದ್ಬುಡಿ" ಎಂದಷ್ಟೇ ಹೇಳಿದರು. ಅದೇ ಅವರನ್ನು ಕಡೆಯದಾಗಿ ನೋಡಿದ್ದು.

ಹನೂರಿನಲ್ಲಿ ಎರಡನೇ ದಿನವೇ ಮನೆ ಸಿಕ್ಕಿತು. ಅವರಿಗೆ ಕಾಗದ ಬರೆಯಲು ಮಾತ್ರ ನನಗೆ ಎರಡು ತಿಂಗಳು ಬೇಕಾಯಿತು. ನಾವು ಬಿಟ್ಟ ಮನೆಯನ್ನು ಬಾಡಿಗೆಗೆ ಕೇಳಲು ಹೋಗಿದ್ದ ಗೆಳತಿಯೊಬ್ಬಳು ಆಮೇಲೆ ಹೇಳಿದಳು: ಆ ಎರಡು ತಿಂಗಳೂ ಅವರು ಬಂದವರನ್ನೆಲ್ಲ ಒಂದೇ ಮಾತು ಹೇಳಿ ಕಳಿಸುತ್ತಿದ್ದರಂತೆ. "ತಡೀರಪ್ಪ. ನಮ್ ಟೀಚ್ರಮ್ಮಂಗೆ ಅಲ್ಲಿ ಮನೆ ಸಿಕ್ತೋ ಇಲ್ವೋ, ಇನ್ನೂ ಕಾಗ್ದ ಬಂದಿಲ್ಲ."