ಯಾವಾಗ ಬರತೈತಿ?

ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ನನ್ನೊಬ್ಬನನ್ನು ಬಿಟ್ಟರೆ ಯಾರಿಗೂ ಪುರುಸೊತ್ತಿಲ್ಲ. ಸೊಸೆ ಹಾವೇರಿಯ ಬಸ್ಸು ಹಿಡಿಯಬೇಕು. ನಾಲ್ಕೂವರೆ ವರ್ಷದ ಮೊಮ್ಮಗಳು ಚಪ್ಪಲಿಯ ಪಟ್ಟಿಯ ಜೊತೆ ಗುದ್ದಾಡುತ್ತ ಕೂತರೆ ಬಸ್ಸು ಕಾಯುತ್ತದೆಯೇ? "ಬಿಡು, ನಿನಗ ಬರೂದಿಲ್ಲ" ಎಂದು ತಾನೇ ಬಗ್ಗಿ ಹಾಕಿಬಿಡುತ್ತಿದ್ದಳು. ಬರಬರುತ್ತ ಹುಡುಗಿ ಆ ಮಾತನ್ನೇ ಹಿಡಿದಳು. ಅಂಗಿಯ ಗುಂಡಿಯಾಗಲಿ, ಡಬ್ಬಿಯ ಮುಚ್ಚಳವಾಗಲಿ, ಮುಟ್ಟುವ ಮೊದಲೇ ತನಗೆ ಬರುವುದಿಲ್ಲ ಎಂದು ಕೈ ಚೆಲ್ಲುತ್ತಿದ್ದಳು. ನನಗೆ ದಿಗಿಲಾಯಿತು. ಈಗಲೇ ಹೀಗಾದರೆ ನಾಳೆ ಶಾಲೆಯಲ್ಲಿ ಏನು ಮಾಡುತ್ತಾಳೆ?

ಹಾಗಾದರೆ ಬರುವುದಾದರೂ ಯಾವಾಗ ಎಂದು ಒಂದು ದಿನ ಕೆಣಕಿದೆ. ಅವಳು ಗಂಭೀರವಾಗಿ ಯೋಚಿಸಿದಳು.

"ಬ್ಯಾಡಗಿ ಅತ್ತಿ ಹಬ್ಬಕ್ಕ ಬರತಾಳ. ಇದು ಯಾವಾಗ ಬರತೈತಿ, ಅಜ್ಜಾ?"

ನಕ್ಕುಬಿಟ್ಟೆ. ಆಮೇಲೆ ಅದನ್ನೇ ತಲೆಗೆ ಹಚ್ಚಿಕೊಂಡು ಕೂತೆ. ಈಜು ಬರುತ್ತದೆ, ಲೆಕ್ಕ ಬರುತ್ತದೆ, ಹಾಡು ಬರುತ್ತದೆ ಎನ್ನುತ್ತೇವೆ. ಎಲ್ಲಿಂದ ಬರುತ್ತದೆ ಎಂದು ಈ ವಯಸ್ಸಿನವರೆಗೂ ನಾನು ಕೇಳಿಕೊಂಡಿರಲಿಲ್ಲ. ಪಾಪ, ಕೂಸು ಅದರ ದಾರಿ ಕಾಯುತ್ತ ಕೂತಿತ್ತು.

ಭಾನುವಾರ ನನ್ನ ಹೆಂಡತಿ ರೊಟ್ಟಿ ಬಡಿಯುವಾಗ ಮೊಮ್ಮಗಳಿಗೂ ಒಂದು ಸಣ್ಣ ಉಂಡೆ ಹಿಟ್ಟು ಕೊಡಿಸಿದೆ. ಹುಡುಗಿ ತುಟಿ ಕಚ್ಚಿಕೊಂಡು ಬಡಿದಳು. ಅಂಚು ಸೀಳಿತು. ಮದುವೆಯಾದಾಗಿನಿಂದ ರೊಟ್ಟಿ ಬಡಿದ ಕೈ ಸುಮ್ಮನಿರುತ್ತದೆಯೇ? ಹೆಂಡತಿ ಪಟಪಟನೆ ಅದನ್ನು ದುಂಡಗೆ ಮಾಡಿ ಹಂಚಿಗೆ ಹಾಕಿಯೇಬಿಟ್ಟಳು. ರೊಟ್ಟಿ ಚೆನ್ನಾಗಿ ಉಬ್ಬಿತು. ನಾನಂತೂ ಮೊಮ್ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಅವಳು ರೊಟ್ಟಿಯನ್ನು ಹೊರಳಿಸಿ ನೋಡಿದಳು.

"ಇದು ನಂದಲ್ಲ, ಅಜ್ಜೀದು" ಎಂದು ತಾಟು ಸರಿಸಿ ಎದ್ದುಹೋದಳು.

ಮಕ್ಕಳು ಹೊಗಳಿದರೆ ಹಿಗ್ಗುತ್ತವೆ ಎಂದುಕೊಂಡಿದ್ದೆ. ಇವಳಿಗೆ ತನ್ನ ಕೈಯ ಕೆಲಸ ಎಲ್ಲಿ ಮುಗಿಯಿತು, ಅಜ್ಜಿಯದು ಎಲ್ಲಿ ಶುರುವಾಯಿತು ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮುಂದಿನ ಭಾನುವಾರ ಹೆಂಡತಿಗೆ ಕರಾರು ಹಾಕಿದೆ. ಹಂಚು, ಬೆಂಕಿ ಅವಳದು, ಆದರೆ ಮೊಮ್ಮಗಳು ಬಡಿಯುವ ರೊಟ್ಟಿಗೆ ಕೈ ಹಚ್ಚುವಂತಿಲ್ಲ. ಹಿಟ್ಟು ದಂಡ ಎಂದು ಗೊಣಗುತ್ತ ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತಳು. ನಿಜಕ್ಕೂ ಕಷ್ಟಪಟ್ಟವಳು ಅವಳೇ. ಹಿಟ್ಟು ಮತ್ತೆ ಮತ್ತೆ ಮುದ್ದೆಯಾಯಿತು. ಹುಡುಗಿ ಆಗಾಗ ಅಜ್ಜಿಯ ಸೆರಗಿನ ಕಡೆ ನೋಡಿದಳು. ಅಲ್ಲಿಂದ ಕೈ ಹೊರಗೆ ಬರಲಿಲ್ಲ. ಸಾಕು ಬಿಡವ್ವ ಎನ್ನಲು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಹುಡುಗಿ ಬಿಡಲಿಲ್ಲ. ಕೊನೆಗೆ ಅಂಗೈಯಗಲದ ಒಂದು ರೊಟ್ಟಿಯಾಯಿತು, ಎತ್ತುವಾಗ ನಡುವೆ ಹರಿಯಿತು. ಅತ್ತೇಬಿಡುತ್ತಾಳೆ ಎಂದುಕೊಂಡೆ.

ಬೆಂದ ಮೇಲೆ ತಾನೇ ತಂದು ನನ್ನ ತಾಟಿಗೆ ಹಾಕಿ, ಎದೆ ಮುಂದೆ ಮಾಡಿ ನಿಂತಳು.

"ಅಜ್ಜಾ, ನಡುವ ಹರದೈತಿ ನೋಡು. ಅಜ್ಜಿ ಮುಟ್ಟಿಲ್ಲ. ನಾನ ಹರದೇನಿ."